ಇಂಜಿನ್ ಆಯಿಲ್‌ನಲ್ಲಿ ನೀರು: ಪ್ರಯೋಗಾಲಯದ ವರದಿ ಎಷ್ಟರ ಮಟ್ಟಿಗೆ ನೆರವಾಯಿತು

ಆಯಿಲ್ ತುಂಬುವ ಮುಚ್ಚಳದ ಒಳಬದಿಯಲ್ಲಿ ಕೆನೆಬಣ್ಣದ ಜಿಡ್ಡು ಕಂಡ ಕೂಡಲೇ ಮೆಕ್ಯಾನಿಕ್ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ಸೀಲು) ಹೋಗಿದೆ, ಹೆಡ್ ಇಳಿಸಲೇಬೇಕು ಎಂದುಬಿಟ್ಟರು. ಅಷ್ಟು ದೊಡ್ಡ ಕೆಲಸಕ್ಕೆ ಒಪ್ಪುವ ಮೊದಲು ನಾನು ಬಳಸಿದ ಆಯಿಲ್ ಪರೀಕ್ಷಿಸುವ ಪ್ರಯೋಗಾಲಯವೊಂದಕ್ಕೆ ಮಾದರಿ ಕಳುಹಿಸಿದೆ. ಆ ಸೇವೆಯ ಬಗ್ಗೆ ನನ್ನ ಅಭಿಪ್ರಾಯವನ್ನು ಇಲ್ಲಿ ಬರೆದಿದ್ದೇನೆ.

ಮುಚ್ಚಳದ ಜಿಡ್ಡೊಂದೇ ಸಾಕ್ಷಿಯಾಗಲಾರದು. ಇಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಓಡದ ಕಾರುಗಳಲ್ಲಿ, ಅದರಲ್ಲೂ ಚಳಿಯ ದಿನಗಳಲ್ಲಿ, ಒಳಗಿನ ಆವಿ ತಣ್ಣಗಾಗಿ ಅದೇ ಬಗೆಯ ಜಿಡ್ಡು ಕಟ್ಟುತ್ತದೆ. ಆದರೆ ನನ್ನ ಕಾರಿನಲ್ಲಿ ಇಂಜಿನ್ ತಣ್ಣಗಿಡುವ ದ್ರವವಾದ ಕೂಲಂಟ್‌ನ ಮಟ್ಟವೂ ವಾರದಿಂದ ವಾರಕ್ಕೆ ಇಳಿಯುತ್ತಿದ್ದುದರಿಂದ ಸುಮ್ಮನಿರುವಂತಿರಲಿಲ್ಲ. ಸುಮಾರು 160 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ಲೋಹದ ತಟ್ಟೆಯ ಮೇಲೆ ಡಿಪ್‌ಸ್ಟಿಕ್‌ನಿಂದ ಒಂದು ಹನಿ ಬೀಳಿಸಿದಾಗ ಅದು ಗುಳ್ಳೆಯೆದ್ದು ಚಟಪಟ ಸಿಡಿಯಿತು. ಆಯಿಲ್‌ನಲ್ಲಿ ನೀರಿದೆ ಎಂಬುದು ಅಲ್ಲಿಗೆ ಖಚಿತವಾಯಿತು. ಆದರೆ ಅದು ಆವಿಯ ನೀರೋ ಕೂಲಂಟೋ ಎಂಬುದನ್ನು ಆ ಹನಿ ಹೇಳಲಾರದು.

ಪ್ರಯೋಗಾಲಯದವರ ಸೂಚನೆಗಳು ನನಗೆ ಬಹಳ ಹಿಡಿಸಿದವು. ಇಂಜಿನ್ ಬಿಸಿಯಿರುವಾಗಲೇ ಆಯಿಲ್ ಇಳಿಸಬೇಕು, ಮೊದಲ ಧಾರೆಯನ್ನೂ ಕೊನೆಯ ಧಾರೆಯನ್ನೂ ಬಿಟ್ಟು ನಡುವಿನದನ್ನೇ ಒಣಗಿದ ಶೀಸೆಗೆ ಹಿಡಿಯಬೇಕು ಎಂದು ಅವರು ಕಾರಣಸಹಿತ ತಿಳಿಸಿದ್ದರು: ನೀರು ಆಯಿಲ್‌ಗಿಂತ ಭಾರವಾದ್ದರಿಂದ ನಿಂತ ಇಂಜಿನ್ನಿನ ತಳದಲ್ಲಿ ಸೇರಿಕೊಳ್ಳುತ್ತದೆ, ತಳದ್ದನ್ನೇ ಹಿಡಿದರೆ ಲೆಕ್ಕ ತಪ್ಪುತ್ತದೆ. ಅದೇ ಬ್ರಾಂಡಿನ ಹೊಸ ಆಯಿಲ್‌ನ ಮಾದರಿಯನ್ನೂ ಕೇಳಿದ್ದರು. ಕೆಲವು ಆಯಿಲ್‌ಗಳಿಗೆ ಗುಣ ಹೆಚ್ಚಿಸಲು ಬೆರೆಸುವ ಸಂಯೋಜಕಗಳಲ್ಲೇ ಸೋಡಿಯಂ ಇರುವುದರಿಂದ ಹೋಲಿಕೆಯಿಲ್ಲದೆ ಆ ಅಂಕಿಯನ್ನು ನಂಬುವಂತಿಲ್ಲ.

ವರದಿಯ ತಿರುಳು ಎರಡು ಸಾಲುಗಳಲ್ಲಿತ್ತು. ಕೂಲಂಟ್‌ನ ಮುಖ್ಯ ಅಂಶವಾದ ಗ್ಲೈಕಾಲ್ ಇದೆ, ಸೋಡಿಯಂ, ಪೊಟ್ಯಾಸಿಯಂ ಎರಡೂ ಹೊಸ ಆಯಿಲ್‌ನಲ್ಲಿರುವುದಕ್ಕಿಂತ ಹಲವು ಪಟ್ಟು ಹೆಚ್ಚಿವೆ. ದೂರದ ಪ್ರಯಾಣದಲ್ಲಿ ಆಯಿಲ್ 100 ಡಿಗ್ರಿ ದಾಟಿದರೆ ನೀರು ಆವಿಯಾಗಿ ಹೋಗಬಹುದು, ಆದರೆ ಕೂಲಂಟ್‌ನಲ್ಲಿ ತುಕ್ಕು ತಡೆಯಲು ಬೆರೆಸಿರುವ ಈ ಲವಣಗಳು ಹಿಂದೆಯೇ ಉಳಿದು ಗುರುತು ಬಿಟ್ಟುಕೊಡುತ್ತವೆ. ಬೇರಿಂಗ್ ಸವೆತವನ್ನು ಸೂಚಿಸುವ ತಾಮ್ರ ಮತ್ತು ಸೀಸದ ಅಂಕಿಗಳು ಇನ್ನೂ ಏರಿಲ್ಲ ಎಂಬ ಸಾಲನ್ನು ಓದಿದಾಗಲೇ ನನಗೆ ನೆಮ್ಮದಿಯಾಯಿತು.

ಸೋರಿಕೆ ಎಲ್ಲಿಂದ ಎಂಬುದನ್ನು ಮಾತ್ರ ಈ ವರದಿ ಹೇಳುವುದಿಲ್ಲ, ಹೇಳಬೇಕೆಂದು ನಿರೀಕ್ಷಿಸುವುದೂ ತಪ್ಪು. ಅದಕ್ಕಾಗಿ ಬೇರೊಂದು ಗ್ಯಾರೇಜಿಗೆ ಹೋದೆ. ರೇಡಿಯೇಟರ್ ಬಾಯಿಗೆ ಹಿಡಿದ ನೀಲಿ ದ್ರವದ ಪರೀಕ್ಷಕದಲ್ಲಿ, ಸಿಲಿಂಡರಿನ ಹೊಗೆ ಕೂಲಂಟ್‌ಗೆ ಸೇರುತ್ತಿದ್ದರೆ ಹಳದಿಯಾಗಬೇಕಿದ್ದ ದ್ರವ ನೀಲಿಯಾಗಿಯೇ ಉಳಿಯಿತು. ಹಾಗೆಂದು ಗ್ಯಾಸ್ಕೆಟ್ ಪೂರ್ತಿ ನಿರಪರಾಧಿ ಎನ್ನುವಂತಿಲ್ಲ, ಏಕೆಂದರೆ ಸಿಲಿಂಡರನ್ನು ಮುಟ್ಟದೆ ಕೂಲಂಟ್ ದಾರಿಗೂ ಆಯಿಲ್ ದಾರಿಗೂ ನಡುವೆ ಮಾತ್ರ ಅದು ಬಿಟ್ಟುಕೊಂಡಿರಬಹುದು. ತಣ್ಣಗಿನ ಇಂಜಿನ್ನಿಗೆ ರೇಡಿಯೇಟರ್ ಮುಚ್ಚಳದ ಮೇಲೆ ನಮೂದಿಸಿರುವಷ್ಟೇ ಒತ್ತಡ ಕೊಟ್ಟು ರಾತ್ರಿಯಿಡೀ ಬಿಟ್ಟೆವು. ಬೆಳಿಗ್ಗೆ ಒತ್ತಡಮಾಪಕದ ಮುಳ್ಳು ಇಳಿದಿತ್ತು. ಆಯಿಲ್ ಇಳಿಸುವ ಬೋಲ್ಟನ್ನು ನಿಧಾನವಾಗಿ ಸಡಿಲಿಸಿದಾಗ ಮೊದಲು ತೊಟ್ಟಿಕ್ಕಿದ್ದು ಹಸಿರು ಕೂಲಂಟ್. ಕೂಲಂಟ್ ಪಕ್ಕದಲ್ಲೇ ಹರಿದು ಆಯಿಲನ್ನು ತಣ್ಣಗಾಗಿಸುವ ಆಯಿಲ್ ಕೂಲರನ್ನು ಬಿಚ್ಚಿ, ನೀರಿನಲ್ಲಿ ಮುಳುಗಿಸಿ ಗಾಳಿ ಹಾಯಿಸಿದರೆ ಬೆಸುಗೆಯ ಅಂಚಿನಿಂದ ಸಣ್ಣ ಗುಳ್ಳೆಗಳ ಸಾಲೆದ್ದಿತು. ಇಂಜಿನ್ ನಿಲ್ಲಿಸಿದ ಮೇಲೆ ಆಯಿಲ್ ಒತ್ತಡ ಸೊನ್ನೆಗಿಳಿದರೂ ಕೂಲಂಟ್ ಒತ್ತಡ ಸ್ವಲ್ಪ ಹೊತ್ತು ಉಳಿದಿರುತ್ತದೆ. ಆ ಹೊತ್ತಿನಲ್ಲೇ ಕೂಲಂಟ್ ಒಳನುಗ್ಗುತ್ತಿತ್ತು. ಹೆಡ್ ಇಳಿಸುವ ಅಗತ್ಯವೇ ಬೀಳಲಿಲ್ಲ.

ಸೇವೆಯಲ್ಲಿ ನನಗೆ ಒಪ್ಪಿಗೆಯಾಗದ ಸಂಗತಿ ಒಂದಿದೆ. ಗ್ಲೈಕಾಲ್ ಸಿಕ್ಕ ಆಯಿಲ್‌ನಲ್ಲಿ ಕಾರು ಓಡಿಸಬಾರದು ಎಂಬ ಎಚ್ಚರಿಕೆ ವರದಿಯ ಎರಡನೆಯ ಪುಟದ ಕೆಳಗಡೆ ಸಣ್ಣ ಅಕ್ಷರಗಳಲ್ಲಿತ್ತು. ಗ್ಲೈಕಾಲ್ ಆಯಿಲ್‌ನ ಸಂಯೋಜಕಗಳನ್ನು ಕೆಡಿಸಿ ಬೇರಿಂಗ್‌ಗಳನ್ನು ಬೇಗ ತಿನ್ನುವುದರಿಂದ ಆ ಮಾತು ಮೊದಲ ಸಾಲಿನಲ್ಲೇ ಇರಬೇಕಿತ್ತು, ಫೋನಿನಲ್ಲೂ ತಿಳಿಸಬೇಕಿತ್ತು.

ಕೂಲರ್ ಬದಲಿಸಿ, ಆಯಿಲ್ ಮತ್ತು ಫಿಲ್ಟರ್ ಹೊಸದು ಹಾಕಿ, ಕೆಲವೇ ದಿನ ಓಡಿಸಿ ಮತ್ತೆ ಬದಲಿಸುವಾಗ ಎರಡನೆಯ ಮಾದರಿ ಕಳುಹಿಸಿದೆ. ಗ್ಲೈಕಾಲ್ ಇರಲಿಲ್ಲ, ಇಂಜಿನ್ ಮೂಲೆಗಳಲ್ಲಿ ಉಳಿದ ಹಳೆಯ ಆಯಿಲ್‌ನಿಂದಾಗಿ ಪೊಟ್ಯಾಸಿಯಂ ಸ್ವಲ್ಪ ಉಳಿದಿತ್ತು. ಮೂರನೆಯದನ್ನೂ ಇದೇ ಪ್ರಯೋಗಾಲಯಕ್ಕೇ ಕಳುಹಿಸುತ್ತೇನೆ.