ಈ ಫೈಲನ್ನು ಯಾವ್ಯಾವ ಪ್ರೋಗ್ರಾಂ ಮುಟ್ಟುತ್ತವೆ? ಎಎಸ್/400ರ ಹಳೇ ಕಮಾಂಡಿಗೆ ನನ್ನ ಮಾರ್ಕು

ಬೆಂಗಳೂರಲ್ಲಿ ಕೂತು ಹೊರದೇಶದ ಕಂಪನಿಗಳ ಎಎಸ್/400 (ಐಬಿಎಂನ ಬಿಸಿನೆಸ್ ಕಂಪ್ಯೂಟರ್) ನೋಡಿಕೊಳ್ಳುವವರಿಗೆ ಈ ಪ್ರಶ್ನೆ ಹೊಸದಲ್ಲ: "ಫೈಲಿಗೆ ಒಂದು ಫೀಲ್ಡ್ ಸೇರಿಸಬೇಕು, ಎಷ್ಟು ಪ್ರೋಗ್ರಾಂ ಕಂಪೈಲ್ ಮಾಡಬೇಕಾಗುತ್ತೆ?" ಇದಕ್ಕೆ ದುಡ್ಡು ಕೊಟ್ಟು ತರುವ ಟೂಲ್‌ಗಳಿವೆ. ನಾನು ಬಳಸುವುದು ಸಿಸ್ಟಂ ಜೊತೆಗೇ ಬರುವ ಕಮಾಂಡ್, ಡಿಎಸ್‌ಪಿಪಿಜಿಎಂಆರ್‌ಇಎಫ್.

ಇದರ ಕೆಲಸ ಸ್ವಲ್ಪ ಉಲ್ಟಾ. ಪ್ರೋಗ್ರಾಂ ಹೆಸರು ಕೊಟ್ಟರೆ ಅದು ಬಳಸುವ ಫೈಲ್‌ಗಳನ್ನು ಹೇಳುತ್ತೆ, ನಮಗೆ ಬೇಕಿರುವುದು ಅದರ ತದ್ವಿರುದ್ಧ, ಅಲ್ವಾ? ಹಾಗಾಗಿ ಪ್ರೋಗ್ರಾಂ ಜಾಗದಲ್ಲಿ ಲೈಬ್ರರಿ (ಪ್ರೋಗ್ರಾಂ, ಫೈಲ್ ಇಡುವ ಫೋಲ್ಡರಿನಂಥದ್ದು) ಹೆಸರಿನ ಜೊತೆ ಸ್ಟಾರ್ ಆಲ್ (*ALL, ಅಂದ್ರೆ ಅದರಲ್ಲಿರುವ ಎಲ್ಲ ಪ್ರೋಗ್ರಾಂ) ಕೊಟ್ಟು, ಉತ್ತರವನ್ನು ಔಟ್‌ಫೈಲಿಗೆ ಇಳಿಸಿ, ಅದರ ಮೇಲೆ ಎಸ್‌ಕ್ಯೂಎಲ್ ಓಡಿಸಿ ಡಬ್ಲ್ಯೂಎಚ್‌ಎಫ್‌ಎನ್‌ಎಎಂ ಫೀಲ್ಡಿನಲ್ಲಿ ಫೈಲ್ ಹೆಸರು ಹುಡುಕಬೇಕು. ನನಗೆ ಜಾಸ್ತಿ ಇಷ್ಟ ಡಬ್ಲ್ಯೂಎಚ್‌ಎಫ್‌ಯುಎಸ್‌ಜಿ ಫೀಲ್ಡ್. 1 ಅಂದ್ರೆ ಓದುತ್ತೆ, 2 ಬರೆಯುತ್ತೆ, 4 ಅಪ್‌ಡೇಟ್ ಮಾಡುತ್ತೆ, 3 ಇದ್ದರೆ ಓದೋದೂ ಬರೆಯೋದೂ ಎರಡೂ. ಡೇಟಾ ಕೆಡಿಸುತ್ತಿರುವವರು ಯಾರು ಅಂತ ಹುಡುಕುವಾಗ ಬರೀ ಓದುವವರನ್ನೆಲ್ಲ ಪಕ್ಕಕ್ಕಿಡಬಹುದು. ಸೋರ್ಸ್ ಕಳೆದುಹೋಗಿದ್ದರೂ ಚಿಂತೆಯಿಲ್ಲ, ಇದು ನೋಡುವುದು ಕಂಪೈಲ್ ಆದ ಆಬ್ಜೆಕ್ಟನ್ನು.

ಆದರೆ ಇದನ್ನೇ ನಂಬಿ ನಾನು ಒಮ್ಮೆ ಸರಿಯಾಗಿ ಪೆಟ್ಟು ತಿಂದೆ. ಫಿಸಿಕಲ್ ಫೈಲ್ (ಡೇಟಾ ನಿಜಕ್ಕೂ ಇರುವ ಫೈಲ್) ಹೆಸರಿನಲ್ಲಿ ಮಾತ್ರ ಹುಡುಕಿ, ಸಿಕ್ಕ ಪ್ರೋಗ್ರಾಂಗಳನ್ನಷ್ಟೇ ಕಂಪೈಲ್ ಮಾಡಿ, ಲಾಜಿಕಲ್ ಫೈಲ್‌ಗಳನ್ನೂ (ಅದೇ ಡೇಟಾವನ್ನು ಬೇರೆ ರೀತಿ ತೋರಿಸುವ ಫೈಲ್) ಹೊಸದಾಗಿ ಕಟ್ಟಿ, ನೆಮ್ಮದಿಯಾಗಿ ಮನೆಗೆ ಹೋದೆ. ರಾತ್ರಿ ಬ್ಯಾಚ್ ಜಾಬು ಸಿಪಿಎಫ್4131, ಅಂದರೆ ಲೆವೆಲ್ ಚೆಕ್ (ಕಂಪೈಲ್ ಆದಾಗಿದ್ದ ಫೈಲಿನ ರೂಪಕ್ಕೂ ಈಗಿನದಕ್ಕೂ ಹೊಂದುತ್ತಿಲ್ಲ ಅನ್ನುವ ಎರರ್), ಕೊಟ್ಟು ನಿಂತಿತು. ಆ ಪ್ರೋಗ್ರಾಂ ತೆರೆಯುತ್ತಿದ್ದದ್ದು ಲಾಜಿಕಲ್ ಫೈಲನ್ನು! ತಪ್ಪು ಕಮಾಂಡಿನದಲ್ಲ, ಪೂರ್ತಿ ನನ್ನದೇ. ಈಗ ಮೊದಲು ಡಿಎಸ್‌ಪಿಡಿಬಿಆರ್ ಓಡಿಸಿ, ಫಿಸಿಕಲ್ ಮೇಲೆ ಕೂತಿರುವ ಲಾಜಿಕಲ್‌ಗಳ ಪಟ್ಟಿ ತೆಗೆದು, ಎಲ್ಲ ಹೆಸರಿಗೂ ಹುಡುಕುತ್ತೇನೆ.

ಓಡುವಾಗ ಕಟ್ಟಿಕೊಳ್ಳುವ ಡೈನಮಿಕ್ ಎಸ್‌ಕ್ಯೂಎಲ್ ಒಳಗಿನ ಫೈಲ್ ಇದಕ್ಕೆ ಕಾಣೋದಿಲ್ಲ. ಅದಕ್ಕೆ ಸೋರ್ಸಿನಲ್ಲೇ ಎಫ್‌ಎನ್‌ಡಿಎಸ್‌ಟಿಆರ್‌ಪಿಡಿಎಂ ಹಾಕಿ ಹುಡುಕಬೇಕು. ಸರ್ವಿಸ್ ಪ್ರೋಗ್ರಾಂ (ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಕೋಡ್) ಕೂಡ ಕೇಳಿದರೆ ಮಾತ್ರ ಬರುತ್ತೆ, ಆಬ್ಜೆಕ್ಟ್ ಟೈಪ್ ಬದಲಿಸದಿದ್ದರೆ ಬರೀ ಪ್ರೋಗ್ರಾಂಗಳೇ. ಇದಕ್ಕೇ ಒಂದು ಸ್ಟಾರ್ ಕಟ್, ಐದಕ್ಕೆ ನಾಲ್ಕು.

ಅಂದಹಾಗೆ, ಔಟ್‌ಫೈಲನ್ನು ಕ್ಯೂಟೆಂಪ್‌ನಲ್ಲಿ (ಜಾಬಿನ ತಾತ್ಕಾಲಿಕ ಲೈಬ್ರರಿ) ಇಡಬೇಡಿ. ಸೈನ್ ಆಫ್ ಆದ ಕೂಡಲೇ ಮಾಯ. ಮತ್ತೆ ಮೊದಲಿಂದ ಓಡಿಸುತ್ತಾ ಕೂರಬೇಕು.