ವಾಯ್ಸ್ ರೆಕಾರ್ಡರ್ ತಕೊಳ್ಳುದಾ, ಫೋನೇ ಸಾಕಾ?

ಬರೀ ಕ್ಲಾಸ್ ನೋಟ್ಸು, ಸಾಮಾನಿನ ಲಿಸ್ಟು ಇಷ್ಟಕ್ಕೇ ಅಂತಾದ್ರೆ ದುಡ್ಡು ಹಾಕುದು ಬೇಡ ಮಾರಾಯ್ರೆ, ಫೋನ್ ಧಾರಾಳ ಸಾಕು, ಕೂಡ್ಲೇ ವಾಟ್ಸಾಪಲ್ಲಿ ಕಳಿಸ್ಲಿಕ್ಕೂ ಆಗ್ತದೆ.

ಯಕ್ಷಗಾನ, ತಾಳಮದ್ದಳೆ (ವೇಷ, ಕುಣಿತ ಇಲ್ಲದ ಯಕ್ಷಗಾನ) ರೆಕಾರ್ಡ್ ಮಾಡುವವ್ರಾದ್ರೆ ಕಥೆ ಬೇರೆ. ಫೋನಲ್ಲಿ ಭಾಗವತರ ಪದ್ಯ ಚೆಂದ ಬರ್ತಾ ಇರ್ತದೆ, ಚೆಂಡೆ ಶುರುವಾದ ಕೂಡ್ಲೇ ಸೌಂಡ್ ಒಡೆದು ಹೋಗ್ತದೆ, ನಡುವಲ್ಲಿ ಕಾಲ್ ಬಂದ್ರೆ ಕೆಲವು ಫೋನಲ್ಲಿ ರೆಕಾರ್ಡಿಂಗೇ ನಿಲ್ತದೆ. ರೆಕಾರ್ಡರಲ್ಲಿ ಮೈಕ್ ಲೆವೆಲ್ ನಾವೇ ಕಮ್ಮಿ ಮಾಡ್ಬಹುದು (ಎಲ್ಲ ಮಾಡೆಲಲ್ಲಿ ಇಲ್ಲ, ಕೇಳಿ ತಕೊಳ್ಳಿ), ಸೆಲ್ ಹಾಕುವಂಥದ್ದಾದ್ರೆ ಮಳೆಗಾಲದಲ್ಲಿ ಕರೆಂಟ್ ಹೋದ್ರೂ ತಲೆಬಿಸಿ ಇಲ್ಲ. ಮೆಮರಿಯಲ್ಲಿ ಜಾಗ ಮಾತ್ರ ನೋಡ್ಕೊಳ್ಳಿ, 128 ಕೆಬಿಪಿಎಸ್ ಎಂಪಿತ್ರೀ (ಒತ್ತಿ ಚಿಕ್ಕದು ಮಾಡಿದ ಫೈಲ್) ಗಂಟೆಗೆ ಸುಮಾರು 58 ಎಂಬಿ, ಸಿಡಿ ಕ್ವಾಲಿಟಿ ವೇವ್ (ಚಿಕ್ಕದು ಮಾಡದ ಫೈಲ್) ಆದ್ರೆ 600 ಎಂಬಿ ದಾಟ್ತದೆ, ಇಡೀ ರಾತ್ರಿಯ ಯಕ್ಷಗಾನಕ್ಕೆ ಎಷ್ಟಾಯ್ತು ಲೆಕ್ಕ ಹಾಕಿ.

ಮಲ್ಪೆ ಬೀಚಿನ ಗಾಳಿಗೆ ಎರಡೂ ಅಷ್ಟೇ, ಮೈಕಿಗೆ ಸ್ಪಂಜಿನ ಟೊಪ್ಪಿ ಇಲ್ಲದಿದ್ರೆ ಬರೀ ಬುರ್ರ್.

ಅಜ್ಜಿ ಹತ್ರ ಪಾಡ್ದನ (ತುಳು ಜನಪದ ಹಾಡು) ಹೇಳಿಸುದಾದ್ರೆ ನನ್ನ ಓಟು ರೆಕಾರ್ಡರಿಗೇ, ಫೋನ್ ಹಿಡಿದ್ರೆ ವೀಡಿಯೋ ಅಂದ್ಕೊಂಡು ಅವ್ರು ಪದ ಬಿಟ್ಟು ಸೆರಗು ಸರಿ ಮಾಡ್ಲಿಕ್ಕೆ ಶುರು ಮಾಡ್ತಾರೆ.