ಆಟಿ ಮಳೆಯಲ್ಲಿ ಮೂರು ಕ್ಯಾಸೆಟ್ ಲೋಡಿಂಗ್

ನೀರ್ಚಾಲಿನ ಮಳೆಗಾಲಕ್ಕೆ ಕ್ಯಾಸೆಟ್ಟೂ ಬೂಷ್ಟು ಹಿಡಿಯುತ್ತದೆ. ಅಪ್ಪ ರೆಕಾರ್ಡ್ ಮಾಡಿಟ್ಟಿದ್ದ ತಾಳಮದ್ದಳೆಗಳಲ್ಲಿ ಅರ್ಧದಷ್ಟು ಹಾಗೆಯೇ ಹೋದವು. 1980ರ ದಶಕದ ಮನೆ ಕಂಪ್ಯೂಟರುಗಳೂ ಪ್ರೋಗ್ರಾಮುಗಳನ್ನು ಇಂಥ ಕ್ಯಾಸೆಟ್ಟಿನಲ್ಲೇ ಸದ್ದಾಗಿ ಉಳಿಸಿ (ಸೇವ್), ಮತ್ತೆ ಓದಿಕೊಳ್ಳುತ್ತಿದ್ದವು (ಲೋಡ್). ಹಾಗಾಗಿ ಆ ಹಳೆ ಕಂಪ್ಯೂಟರುಗಳಲ್ಲಿ ಯಾವುದು ಬೇಗ ಲೋಡ್ ಆಗುತ್ತದೆ ಎನ್ನುವುದಕ್ಕಿಂತ, ಟೇಪು ಕೊಂಚ ಕೆಟ್ಟರೆ ಯಾವುದು ತಡೆದುಕೊಳ್ಳುತ್ತದೆ ಎಂಬುದೇ ನನಗೆ ಮುಖ್ಯ. ಬೇಸಿಗೆಯಲ್ಲಿ ಮೂರು ಯಂತ್ರಗಳಲ್ಲೂ 16 ಕೆಬಿಯಷ್ಟು ಸೇವ್ ಮಾಡಿ, ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಕಪಾಟಿನಿಂದ ತೆಗೆದು ಲೋಡ್ ಮಾಡಿದೆ.

ಸೋದರಮಾವ ಗಲ್ಫಿನಿಂದ ತಂದಿದ್ದ ಸ್ಪೆಕ್ಟ್ರಮ್‌ಗೆ (1982) ಅಪ್ಪನ ಟೇಪ್‌ರೆಕಾರ್ಡರೇ ಸಾಕು. ಟೇಪಿನ ಸದ್ದಿನಲ್ಲಿ 0 ಬಿಟ್ಟಿಗೆ ಸುಮಾರು 2 ಕಿಲೋಹರ್ಟ್ಸ್, 1ಕ್ಕೆ ಅದರ ಅರ್ಧ. ಎರಡು ನಿಮಿಷದೊಳಗೆ ಮುಗಿಯುತ್ತದೆ. ಪರದೆಯ ಅಂಚಿನಲ್ಲಿ ನೀಲಿ-ಹಳದಿ ಪಟ್ಟಿಗಳು ಓಡುವುದನ್ನು ಎಷ್ಟು ನೋಡಿದರೂ ಸಾಲದು. ಆದರೆ ಬ್ಲಾಕ್ (ಒಟ್ಟಿಗೆ ಬರೆದ ಡೇಟಾದ ತುಂಡು) ಪೂರ್ತಿಗೆ ಇರುವುದು ಕೊನೆಯಲ್ಲಿ, ಓದಿದ್ದು ಸರಿಯೇ ಎಂದು ತಾಳೆ ನೋಡುವ ಒಂದು ಚೆಕ್‌ಸಮ್. ನಡುವೆ ಒಂದೇ ಒಂದು ಬಿಟ್ ತಪ್ಪಿದರೂ ‘ಟೇಪ್ ಲೋಡಿಂಗ್ ಎರರ್’, ಮತ್ತೆ ಮೊದಲಿನಿಂದ. ನನಗೆ ನಾಲ್ಕು ಸಲ ಹಾಗಾಯಿತು. ತಾಳಮದ್ದಳೆಯಲ್ಲಿ ಚಕ್ರತಾಳ ಮಸುಕಾಗಿ ಕೇಳಿದರೆ ಟೇಪ್ ಓದುವ ಹೆಡ್ ವಾರೆಯಾಗಿದೆ ಎಂದು ಅಪ್ಪ ಹೇಳುತ್ತಿದ್ದದ್ದು ನೆನಪಾಗಿ, ಹೆಡ್ಡಿನ ಪಕ್ಕದ ಸ್ಕ್ರೂ ತಿರುಗಿಸುತ್ತ ಕಿವಿಗೊಟ್ಟೆ. ಸದ್ದು ಚುರುಕಾದ ಮೇಲೆ, ಐದನೆಯ ಸಲಕ್ಕೆ ಲೋಡ್ ಆಯಿತು.

ಕೊಮೊಡೋರ್ 64ಕ್ಕೆ ಅದರದ್ದೇ ಡೇಟಾಸೆಟ್ ಎಂಬ ಟೇಪ್ ಯಂತ್ರ ಬೇಕು, ವಾಲ್ಯೂಮ್ ಹೊಂದಿಸುವ ಗೋಜಿಲ್ಲ. ಪ್ರತಿಯೊಂದನ್ನೂ ಎರಡೆರಡು ಸಲ ಬರೆಯುತ್ತದೆ, ಮೊದಲ ಪ್ರತಿಯಲ್ಲಿ ಕೆಟ್ಟದ್ದನ್ನು ಎರಡನೆಯದರಿಂದ ತುಂಬಿಕೊಳ್ಳುತ್ತದೆ. ಮೊದಲ ಸಲಕ್ಕೇ ಲೋಡ್ ಆಯಿತು. ಹಿಡಿದದ್ದು ಮಾತ್ರ ಐದೂವರೆ ನಿಮಿಷ, ಅಷ್ಟು ಹೊತ್ತೂ ಪರದೆ ಖಾಲಿ. ಬೇಗ ಓದಿಸುವ ಟರ್ಬೊ ಲೋಡರ್ ಪ್ರೋಗ್ರಾಮು ಹಾಕಿದರೆ ಹತ್ತು ಪಟ್ಟು ವೇಗ ಬರುತ್ತದೆ, ಆದರೆ ಆ ಎರಡನೆಯ ಪ್ರತಿ ಇರುವುದಿಲ್ಲ. ನಮ್ಮ ಹವೆಗೆ ಅದು ಆಗಿಬರುವುದಿಲ್ಲ.

ನನ್ನ ಮೆಚ್ಚುಗೆ ಬಿಬಿಸಿ ಮೈಕ್ರೋಗೆ. ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ 1984ರ ಕ್ಲಾಸ್ (CLASS) ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೆ ಬಂದದ್ದು ಇದೇ. ನನ್ನದು ಗುಜರಿಯಲ್ಲಿ ಸಿಕ್ಕಿತು. 256 ಬೈಟಿನ ಒಂದೊಂದು ಬ್ಲಾಕಿಗೂ ಪ್ರತ್ಯೇಕ ತಪಾಸಣೆ, ಪರದೆಯ ಮೇಲೆ ಬ್ಲಾಕಿನ ನಂಬರು ಏರುತ್ತ ಹೋಗುತ್ತದೆ. 27ರಲ್ಲಿ ನಿಂತಿತು, ಟೇಪನ್ನು ಹಿಂದಕ್ಕೆ ಸುತ್ತು ಎಂದಿತು. ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ನಾಲ್ಕು ಸುತ್ತು ಹಿಂದಕ್ಕೆ ಹೋಗಿ ಪ್ಲೇ ಒತ್ತಿದೆ. ಅಲ್ಲಿಂದಲೇ ಮುಂದುವರಿಯಿತು! ಮೂರು ನಿಮಿಷ ದಾಟಿದರೂ ಅದುವರೆಗೆ ಓದಿದ್ದು ಯಾವುದೂ ವ್ಯರ್ಥವಾಗಲಿಲ್ಲ.

ನಾನೇ ಬರೆದ ಪ್ರೋಗ್ರಾಮುಗಳೆಲ್ಲ ಈಗ ಬಿಬಿಸಿ ಕ್ಯಾಸೆಟ್ಟಿನಲ್ಲಿವೆ. ಆಟಕ್ಕೆ ಸ್ಪೆಕ್ಟ್ರಮ್ ಬಿಡಲು ಮನಸ್ಸಿಲ್ಲ, ಅದರ ಕ್ಯಾಸೆಟ್ಟಿನ ಎರಡೂ ಬದಿಗೆ ಒಂದೊಂದು ಪ್ರತಿ ಸೇವ್ ಮಾಡುತ್ತೇನೆ.